ಹೊಲದ ಮೂಲೆಯ ಕಿಟ್ಟ

“ಅಕ್ಕಾ, ಹೊಲದ ಮೂಲ್ಯಾಗ ಕರೇ ಕಲ್ಲು ಬಿದ್ದಾವಲ್ಲ, ಅವನ್ನ ಒಬ್ಬ ಗುತ್ತಿಗೆದಾರ ಕೇಳಾಕ ಹತ್ಯಾನ. ರಸ್ತೆಗೆ ಹಾಕ್ಕೊಂತಾನಂತ. ಅದರ ಬದಲಿ ಎರಡು ಎಕರೆ ಪುಕ್ಕಟೆ ಲೆವೆಲ್ ಮಾಡಿ ಕೊಡ್ತಾನಂತ. ನೀ ಹೂಂ ಅಂದ್ರ ನಾಳಿಗೇ ಜೆಸಿಬಿ ಬರತೈತಿ.”

ಮರಿಯಮ್ಮನಹಳ್ಳಿಯಿಂದ ತಮ್ಮನ ಫೋನ್ ಬಂದಾಗ ನಾನು ಬೆಂಗಳೂರಿನ ಮನೆಯಲ್ಲಿ ಮಗಳ ಟಿಫಿನ್ ಡಬ್ಬಿ ಕಟ್ಟುತ್ತಿದ್ದೆ. ಹೂಂ ಅನ್ನುವುದು ಸುಲಭವಿತ್ತು. ಅಪ್ಪ ತೀರಿಕೊಂಡ ಮೇಲೆ ಪಹಣಿಯಲ್ಲಿ ನಮ್ಮಿಬ್ಬರ ಹೆಸರೂ ಬಂದಿದೆ, ನಿಜ. ಆದರೆ ಆ ಹೊಲದಲ್ಲಿ ಬೆವರು ಹರಿಸುವವನು ಅವನೇ. ಲೆವೆಲ್ ಆದರೆ ನೀರು ಸಮನಾಗಿ ಹಾಯುತ್ತದೆ, ಇಳುವರಿ ಹೆಚ್ಚುತ್ತದೆ ಅನ್ನುವುದು ಅವನ ಎಷ್ಟೋ ವರ್ಷದ ಲೆಕ್ಕ. ಆದರೂ ನನ್ನ ಬಾಯಿಂದ ಹೂಂ ಬರಲಿಲ್ಲ. ಆ ಕರಿ ಕಲ್ಲುಗಳ ಮೇಲೆ ಕೂತು ಬುತ್ತಿ ಉಂಡವರು ನಾವು. “ಸಂಕ್ರಾಂತಿಗೆ ಬರ್ತೀನಲ್ಲ, ಅಲ್ಲೀತನಕ ತಡಿಯಪ್ಪಾ” ಅಂದೆ. “ಕಬ್ಬಿಣ ಕಾದಾಗ ಬಡೀಬೇಕು ಅಕ್ಕಾ” ಅಂತ ಗೊಣಗಿ ಫೋನ್ ಇಟ್ಟ. ಆ ಗಾದೆ ನಮ್ಮ ಹೊಲಕ್ಕೆ ಎಷ್ಟು ಸರಿಯಾಗಿ ಒಪ್ಪುತ್ತದೆ ಅಂತ ಆಗ ಇಬ್ಬರಿಗೂ ಗೊತ್ತಿರಲಿಲ್ಲ.

ಎಂಟನೇ ಕ್ಲಾಸಿನ ಮಗಳನ್ನು ಕರೆದುಕೊಂಡು ಹಂಪಿ ಎಕ್ಸ್‌ಪ್ರೆಸ್ ಹತ್ತಿದೆ. ಬೆಳಗಿನ ಜಾವ ಬಳ್ಳಾರಿ ದಾಟಿ ಕುಡತಿನಿ ಬಂದಾಗ ಅವಳನ್ನು ಎಬ್ಬಿಸಿ, ಇಲ್ಲೇ ಹತ್ತಿರದಲ್ಲಿ ಒಂದು ದೊಡ್ಡ ಬೂದಿಗುಡ್ಡ ಇದೆ ಅಂತ ಹೇಳಿದೆ. ಹಿಡಿಂಬಾಸುರನನ್ನು ಭೀಮ ಕೊಂದು ಸುಟ್ಟ ಬೂದಿ ಅದು ಅಂತ ನಮ್ಮ ಕಡೆ ಕಥೆ. ತೋರಣಗಲ್ಲು ಬರುವ ಹೊತ್ತಿಗೆ ಉಕ್ಕಿನ ಕಾರ್ಖಾನೆಯ ಚಿಮಣಿಗಳು ಕಂಡವು. ಹೊಸಪೇಟೆಯಲ್ಲಿ ಇಳಿದು, ಒಗ್ಗಾಣಿ ಮಿರ್ಚಿ ತಿಂದು, ಬಸ್ಸು ಹಿಡಿದೆವು. ಡ್ಯಾಮಿನ ಹತ್ತಿರದ ಸುರಂಗ ದಾಟಿದರೆ ಒಂದು ಕಡೆ ತುಂಗಭದ್ರೆಯ ಹಿನ್ನೀರು, ಇನ್ನೊಂದು ಕಡೆ ಸಂಡೂರಿನ ಬೆಟ್ಟಸಾಲು. ನಡುವೆ ಅದಿರಿನ ಲಾರಿಗಳು, ಅವುಗಳ ಹಿಂದೆ ಕೆಂಪು ಧೂಳು. ಗಿಡದ ಎಲೆ, ಮನೆಯ ಗೋಡೆ, ಮೈಲಿಗಲ್ಲು ಎಲ್ಲದಕ್ಕೂ ಅದೇ ಬಣ್ಣ.

ಮರಿಯಮ್ಮನಹಳ್ಳಿ ಅಂದರೆ ಹೊರಗಿನವರಿಗೆ ನಾಟಕದವರ ಊರು. 2021ರಲ್ಲಿ ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿಯವರ ಊರು ಅಂತಲೂ ಈಗ ಗುರುತಿಸುತ್ತಾರೆ. ನಮ್ಮಂಥ ಎಷ್ಟೋ ಮನೆಗಳಿಗೆ ಮಾತ್ರ ಇದು ಎರಡನೇ ಊರು. ನಮ್ಮ ಅಜ್ಜಿ ಹುಟ್ಟಿದ್ದು ನಾರಾಯಣದೇವರಕೆರೆಯಲ್ಲಿ. 1945ರಲ್ಲಿ ಅಡಿಗಲ್ಲು ಬಿದ್ದ ಅಣೆಕಟ್ಟು 1953ರ ಹೊತ್ತಿಗೆ ನೀರು ನಿಲ್ಲಿಸಿದಾಗ ಆ ಊರು ಮುಳುಗಿತು, ಜನ ಇಲ್ಲಿಗೆ ಬಂದರು. ಅಜ್ಜಿ ಬದುಕಿರುವ ತನಕ ಬೇಸಿಗೆಯಲ್ಲಿ ಹಿನ್ನೀರು ಸರಿದಾಗ ಒಮ್ಮೆ ದಂಡೆಗೆ ಹೋಗಿ ನಿಂತು ಬರುತ್ತಿದ್ದಳು. “ಒಂದು ಗುರುತು ಸಿಕ್ಕಿದ್ರ ಸಾಕಿತ್ತು, ಇಲ್ಲಿ ನಾವಿದ್ವಿ ಅಂತ ತೋರಸಾಕ” ಅನ್ನುತ್ತಿದ್ದಳು. ಆ ಮಾತು ನನ್ನ ತಲೆಯಲ್ಲಿ ಉಳಿದುಕೊಂಡಿದೆ.

ಮಾರನೇ ದಿನ ಹೊಲಕ್ಕೆ ಹೋದೆವು. ಬೆಟ್ಟದ ಕಡೆಗಿನ ಮೂಲೆಯಲ್ಲಿ, ಹಳ್ಳದ ಪಕ್ಕ, ಮೊಣಕಾಲೆತ್ತರದ ದಿಬ್ಬ. ಜಾಲಿ ಗಿಡದ ಕೆಳಗೆ ಕರಿ ಕಲ್ಲುಗಳು ಚೆಲ್ಲಾಡಿವೆ. ಮಗಳು ಒಂದನ್ನು ಎತ್ತಿ, “ಅಮ್ಮಾ, ಎಷ್ಟು ಭಾರ! ತೂತು ತೂತು ಬೇರೆ ಇದೆ. ಕುಡತಿನಿ ಬೂದಿಗುಡ್ಡದಲ್ಲೂ ಹಿಂಗೇ ಇರುತ್ತಾ?” ಅಂದಳು.

ನನಗೆ ಉತ್ತರ ಗೊತ್ತಿರಲಿಲ್ಲ. ತಮ್ಮ ನಕ್ಕು, “ನಡೀರಿ, ಕಮ್ಮಾರ ಅಜ್ಜನ್ನ ಕರಕೊಂಡ ಬರ್ತೀನಿ” ಅಂದು ಬೈಕ್ ತಿರುಗಿಸಿದ. ನಮ್ಮ ಓಣಿಯ ಆ ಅಜ್ಜ ಎಂಬತ್ತು ದಾಟಿದವರು. ಕುಡಗೋಲು, ಕೊಡಲಿ, ಕುಂಟೆಯ ಕುಡ ಬಡಿದು ಬಡಿದು ಬಲಗೈ ಇನ್ನೂ ಗಟ್ಟಿ. ದಿಬ್ಬದ ಹತ್ತಿರ ಕೂತು ಒಂದು ತುಂಡನ್ನು ಹೊರಳಿಸಿ ಹೊರಳಿಸಿ ನೋಡಿದರು.

“ಕಲ್ಲಲ್ಲವ್ವ ಇದು. ಕಿಟ್ಟ. ಕಬ್ಬಿಣದ ಹೊಲಸು.”

“ನಿಮ್ಮ ಕುಲುಮ್ಯಾಗಿಂದೇನಜ್ಜಾ?”

“ನಮ್ಮ ಕುಲುಮ್ಯಾಗೂ ಕಿಟ್ಟ ಬೀಳತೈತಿ, ಆದ್ರ ಅದು ಹಗುರ, ಸಣ್ಣದು. ಇದನ್ನ ನೋಡು, ಹರದೈತಿ. ಬೆಲ್ಲದ ಪಾಕ ಹರದು ಹೆಪ್ಪುಗಟ್ಟಿದಂಗ ಗೀರು ಅದಾವು. ಇದು ಅದಿರು ಕರಗಿಸಿದ ಕಿಟ್ಟ. ನಮ್ಮ ಮುತ್ಯಾನೂ ಆ ಕೆಲಸ ನೋಡಿಲ್ಲ. ಪ್ಯಾಟ್ಯಾಗ ಪಟ್ಟಿ ಕಬ್ಬಿಣ ಸಿಗಾಕ ಹತ್ತಿದ ಮ್ಯಾಲೆ ಯಾರು ಇದ್ದಿಲು ಸುಡತಾರ, ಯಾರು ತಿದಿ ಊದತಾರ?”

ಅಜ್ಜ ಕೈಯಾಡಿಸಿ ಇನ್ನೊಂದು ತುಂಡು ತೆಗೆದರು. ಇಟ್ಟಿಗೆಯ ಚೂರಿನಂತೆ ಕೆಂಪು, ಒಂದು ಬದಿ ಹಸಿರು ಮಿಶ್ರಿತ ಗಾಜಿನಂತೆ ಹೊಳೆಯುತ್ತಿತ್ತು, ನಡುವೆ ಅರ್ಧ ಬಳೆಯಂಥ ತಗ್ಗು. “ಇದು ತಿದಿಯ ಮಣ್ಣಿನ ಕೊಳವಿ. ಗಾಳಿ ಇದರಾಗಿಂದ ಒಲಿಗೆ ಹೋಗೋದು. ಬೆಂಕಿ ಕಡೆಗಿದ್ದ ಮುಖ ಕರಗಿ ಗಾಜಾಗೈತಿ.”

ಕುಡತಿನಿಗೂ ಇದಕ್ಕೂ ಇರುವ ವ್ಯತ್ಯಾಸ ಅಲ್ಲಿಗೆ ಸಿಕ್ಕಿತು. ಆ ಬೂದಿಗುಡ್ಡದ ಗಾಜಿನಂಥ ಗಟ್ಟಿಗಳನ್ನು ಕಂಡು ಹಿಂದೆ ಕೆಲವರು ಅದೂ ಕುಲುಮೆಗಳ ಕಿಟ್ಟವಿರಬೇಕು ಅಂದುಕೊಂಡದ್ದಿದೆ. ಅಂಥ ಗುಡ್ಡಗಳು ನವಶಿಲಾಯುಗದ ದನಗಾಹಿಗಳ ಸಗಣಿ ಸುಟ್ಟು ಆದದ್ದು ಅಂತ ಎಫ್. ಆರ್. ಆಲ್ಚಿನ್ 1963ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ವಿವರವಾಗಿ ತೋರಿಸಿದರು. ಸಗಣಿಯ ಬೂದಿ ಬೆಂದು ಗಾಜಾದರೂ ಅದು ಹಗುರ. ಕಬ್ಬಿಣದ ಕಿಟ್ಟ ಕೈಗೆ ಭಾರ, ಮೇಲೆ ತುಕ್ಕಿನ ಕಲೆ, ಹರಿದ ಗೀರು. ಜೊತೆಗೆ ಕೊಳವೆಯ ಚೂರು ಸಿಕ್ಕರೆ ಅನುಮಾನವೇ ಬೇಡ.

ಅದಿರು ಕಬ್ಬಿಣವಾಗುವ ಬಗೆಯನ್ನು ಅಜ್ಜ ತಮ್ಮ ಮಾತಿನಲ್ಲಿ ಹೇಳಿದರು, ಉಳಿದದ್ದನ್ನು ನಾನು ಓದಿಕೊಂಡೆ. ಮಣ್ಣಿನ ಒಲೆಯಲ್ಲಿ ಇದ್ದಿಲು ಒಂದು ಪದರ, ಕುಟ್ಟಿದ ಅದಿರು ಒಂದು ಪದರ. ಗಂಟೆಗಟ್ಟಲೆ ತಿದಿ ಒತ್ತಬೇಕು. ಇದ್ದಿಲು ಬರೀ ಉರುವಲಲ್ಲ, ಅದರಿಂದ ಹುಟ್ಟುವ ಅನಿಲವೇ ಅದಿರಿನೊಳಗಿನ ಆಮ್ಲಜನಕವನ್ನು ಕಿತ್ತುಕೊಳ್ಳುವುದು. ಕಬ್ಬಿಣ ಪೂರ್ತಿ ಕರಗಿ ನೀರಾಗಲು 1,500 ಡಿಗ್ರಿಗೂ ಹೆಚ್ಚು ಶಾಖ ಬೇಕು. ಅಂಥ ಸಣ್ಣ ಒಲೆಗಳಲ್ಲಿ ಸುಮಾರು 1,200 ಡಿಗ್ರಿ ಬಂದರೆ ದೊಡ್ಡದು. ಅಷ್ಟರಲ್ಲಿ ಕಲ್ಲಿನ ಅಂಶ ಕರಗಿ ಕಿಟ್ಟವಾಗಿ ಹರಿದು ಹೋಗುತ್ತದೆ, ಕಬ್ಬಿಣ ಮಾತ್ರ ಕರಗದೆ ಬೇಳೆಯ ಹೂರಣದಂತೆ ಮೆತ್ತಗಿನ ಮುದ್ದೆಯಾಗಿ ಒಳಗೆ ಉಳಿಯುತ್ತದೆ. ಒಲೆ ಒಡೆದು ಆ ಮುದ್ದೆಯನ್ನು ಹೊರಗೆಳೆದು, ಬಿಸಿಯಿರುವಾಗಲೇ ಬಡಿದು ಬಡಿದು ಉಳಿದ ಕಿಟ್ಟ ಹಿಂಡಬೇಕು. ತಣ್ಣಗಾದರೆ ಕೆಲಸ ಕೆಟ್ಟಿತು. ತಮ್ಮನ ಗಾದೆ ಹುಟ್ಟಿದ್ದು ಇಲ್ಲೇ ಅಂತ ಅವನ ಕಡೆ ನೋಡಿದೆ. ಅವನು ಮುಖ ಆ ಕಡೆ ತಿರುಗಿಸಿದ.

ಕುತೂಹಲ ಹತ್ತಿಕೊಂಡಿತು. ಮರುದಿನ ತಮ್ಮನನ್ನೂ ಎಳೆದುಕೊಂಡು ಹಂಪಿಗೆ ಹೋದೆ. ನಾವು ಚಿಕ್ಕಂದಿನಿಂದ ಎಷ್ಟು ಸಲ ನೋಡಿದ ಊರು! ಈ ಸಲ ಗುಡಿಗಳ ಬದಲು ಬಂಡೆ ನೋಡಿದೆವು. ಹಂಪಿಯ ಬಂಡೆಗಳಲ್ಲಿ ಸಾಲಾಗಿ ಕೊರೆದ ತೂತುಗಳಿರುತ್ತವಲ್ಲ, ಕಲ್ಲು ಸೀಳಲು ಬೆಣೆ ಇಟ್ಟ ಗುರುತು, ಅದನ್ನು ನೀವೂ ನೋಡಿರುತ್ತೀರಿ. ಗ್ರಾನೈಟಿನಲ್ಲಿ ಅಂಥ ಒಂದು ತೂತು ಹೊಡೆಯಲು ಉಳಿ ಎಷ್ಟು ಸಲ ಮೊಂಡಾಗಬೇಕು? ಎಷ್ಟು ಸಲ ಕುಲುಮೆಗೆ ಹೋಗಿ ಹದವಾಗಿ ಬರಬೇಕು? 1336ರಿಂದ 1565ರವರೆಗೆ ರಾಜಧಾನಿಯಾಗಿದ್ದ ಊರಿನ ಉಳಿ, ಗುದ್ದಲಿ, ಕುದುರೆಯ ಲಾಳ, ಬಾಗಿಲ ಮೊಳೆ, ಕತ್ತಿ, ಗಾಡಿಯ ಪಟ್ಟಿ ಎಲ್ಲ ಸೇರಿಸಿದರೆ ಎಷ್ಟು ಕಬ್ಬಿಣ! ವಿಠ್ಠಲ ಗುಡಿಯ ಮುಂದೆ ನಿಂತು ಶಿಲ್ಪಿಯನ್ನು ಹೊಗಳುತ್ತೇವೆ. ಅವನ ಕೈಗೆ ಉಳಿ ಕೊಟ್ಟವನ ನೆನಪೇ ಬರುವುದಿಲ್ಲ.

ನೆನಪು ಮಾಡಿಕೊಂಡವರೂ ಇದ್ದಾರೆ. ಕಾರ್ಲಾ ಸಿನೋಪೊಲಿ ಮತ್ತು ಕ್ಯಾಥ್ಲೀನ್ ಮಾರಿಸನ್ ಎಂಬ ಇಬ್ಬರು ಮಹಿಳೆಯರು 1987ರಿಂದ ಒಂದು ದಶಕ ಕಾಲ ತಮ್ಮ ತಂಡದೊಂದಿಗೆ ಹಂಪಿಯ ಸುತ್ತಲಿನ ಹೊಲ, ಗುಡ್ಡ, ಹಳ್ಳಗಳಲ್ಲಿ ಸಾಲಾಗಿ ನಡೆದು 700ಕ್ಕೂ ಹೆಚ್ಚು ನೆಲೆಗಳನ್ನು ದಾಖಲಿಸಿದರು. ಅರಮನೆ, ಗುಡಿ ಮಾತ್ರವಲ್ಲ, ಕೆರೆಯ ಏರಿ, ಕಾಲುದಾರಿ, ಮಡಕೆಯ ಚೂರು, ಕಬ್ಬಿಣದ ಕಿಟ್ಟ ಬಿದ್ದ ಜಾಗಗಳೂ ಅದರಲ್ಲಿ ಸೇರಿವೆ. ಅಂದರೆ ನಮ್ಮ ಹೊಲದಂಥ ಮೂಲೆಯೂ ಲೆಕ್ಕಕ್ಕೆ ಬರುತ್ತದೆ.

ಹೊಸಪೇಟೆಯ ಮಗ್ಗುಲಲ್ಲೇ ಇರುವ ಜಂಬುನಾಥ ಬೆಟ್ಟಕ್ಕೂ ಹೋದೆವು. ಮೆಟ್ಟಿಲು ಹತ್ತುವಾಗ ಕೆಂಪು, ಕಪ್ಪು ಪಟ್ಟೆಪಟ್ಟೆಯಾಗಿ ಒತ್ತೊತ್ತಾಗಿ ಮಡಿಚಿಟ್ಟಂತೆ ಕಾಣುವ ಕಲ್ಲು, ಇಳಕಲ್ಲು ಸೀರೆಯ ದಡಿಯ ಹಾಗೆ. 250 ಕೋಟಿ ವರ್ಷಕ್ಕೂ ಹಿಂದಿನದು. ಸಂಡೂರಿನ ಸಾಲೂ ಇದೇ ಜಾತಿಯದು. ಕುಮಾರಸ್ವಾಮಿ ಬೆಟ್ಟಕ್ಕೆ ಲೋಹಾಚಲ ಅನ್ನುವ ಹೆಸರೂ ಇದೆ, ಹಳಬರಿಗೆ ಬೆಟ್ಟದ ಗುಣ ಗೊತ್ತಿತ್ತು. 1895ರಲ್ಲಿ ಬಳ್ಳಾರಿ ಜಿಲ್ಲೆಯ ಭೂವಿಜ್ಞಾನದ ಗ್ರಂಥ ಪ್ರಕಟಿಸಿದ ರಾಬರ್ಟ್ ಬ್ರೂಸ್ ಫೂಟ್ ಈ ಬೆಟ್ಟಗಳ ಅದಿರಿನ ಬಗ್ಗೆ ಬರೆದಿದ್ದಾರೆ. 1904ರ ಬಳ್ಳಾರಿ ಗ್ಯಾಸೆಟಿಯರ್‌ನಲ್ಲಿ ಕಮಲಾಪುರದ ಮಾತು ಬರುತ್ತದೆ. ಕಬ್ಬಿನ ಹಾಲು ಕಾಯಿಸುವ ದೊಡ್ಡ ಕಬ್ಬಿಣದ ಕೊಪ್ಪರಿಗೆಗಳಿಗೆ ಆ ಊರು ಹೆಸರಾಗಿತ್ತು. ಮೊದಲು ಜಂಬುನಾಥ ಬೆಟ್ಟದ ಅದಿರನ್ನೇ ಅಲ್ಲಿ ಕರಗಿಸುತ್ತಿದ್ದರು, ಆಮೇಲೆ ಹೊರಗಿನ ಕಬ್ಬಿಣ ಬಂದು ಆ ಒಲೆಗಳು ಆರಿದವು. ಕೊಪ್ಪರಿಗೆ ಉಳಿಯಿತು, ಅದಿರು ಕರಗಿಸುವ ವಿದ್ಯೆ ಹೋಯಿತು. ಕಿಟ್ಟ ನೋಡಿ ಅಜ್ಜನ ಬಾಯಲ್ಲಿ ಬೆಲ್ಲದ ಪಾಕದ ಹೋಲಿಕೆ ಬಂದದ್ದು ನೆನಪಾಯಿತು.

ಕಬ್ಬಿಣದ ಕೆಲಸ ನಮ್ಮ ಸೀಮೆಗೆ ರಾಯರ ಕಾಲದಲ್ಲಿ ಬಂದದ್ದೂ ಅಲ್ಲ. ಇದೇ ತುಂಗಭದ್ರೆಯ ದಡದ ಹಳ್ಳೂರಿನ ಉತ್ಖನನದಲ್ಲಿ ಕ್ರಿ.ಪೂ. 1000ದ ಆಸುಪಾಸಿನ ಕಬ್ಬಿಣ ಸಿಕ್ಕಿದೆ. ನಮ್ಮೂರ ಮುಂದಿನ ಹೆದ್ದಾರಿ ಹಿಡಿದು ಹೋದರೆ ಸಿಗುವ ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯಲ್ಲಿ ಮೂಸೆಯಲ್ಲಿ ಉಕ್ಕು ಮಾಡಿದ ಕುರುಹುಗಳನ್ನು ಸಂಶೋಧಕರು ಅಧ್ಯಯನ ಮಾಡಿದ್ದಾರೆ. 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಆಗಿನ್ನೂ ಉರಿಯುತ್ತಿದ್ದ ಇಂಥ ಒಲೆಗಳನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಪಾಶ್ಚಾತ್ಯರು ‘ವೂಟ್ಜ್’ ಅಂತ ಹೊಗಳಿದ ಉಕ್ಕಿನ ಹೆಸರು ನಮ್ಮ ‘ಉಕ್ಕು’ ಪದದಿಂದಲೇ ಬಂತು ಅನ್ನುವುದು ಹಲವು ವಿದ್ವಾಂಸರ ಮಾತು.

ವಾಪಸು ಬರುವಾಗ ತಮ್ಮ ವ್ಯಾಸನಕೆರೆಯ ಹತ್ತಿರ ಗಾಡಿ ನಿಲ್ಲಿಸಿದ. ಬೆಟ್ಟದ ಮೈಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೊರೆದದ್ದು ದೂರದಿಂದಲೇ ಕಾಣುತ್ತಿತ್ತು. ಬಹಳ ಹೊತ್ತು ಸುಮ್ಮನಿದ್ದವನು ಆಗ ಮಾತಾಡಿದ.

“ಅಕ್ಕಾ, ಆಗಿನವರು ಗುಟ್ಟಿ ಹಿಡಿದು ಒಂದು ದಿನಕ್ಕ ಒಂದು ಬುಟ್ಟಿ ತರತಿದ್ದರೇನೋ. ನನ್ನ ಲಾರಿ ಒಂದು ಟ್ರಿಪ್ಪಿಗೆ ಹತ್ತು ಟನ್ನು ಹೊತ್ತೈತಿ. ದಿನಕ್ಕ ಎರಡು ಟ್ರಿಪ್ಪು.”

ಆ ಲಾರಿಯ ವಿಷಯ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಚೀನಾಕ್ಕೆ ಅದಿರು ಹೋಗುತ್ತಿದ್ದ ಕಾಲದಲ್ಲಿ ಎಲ್ಲರಂತೆ ಅವನೂ ಸಾಲ ಮಾಡಿ ಲಾರಿ ತಂದಿದ್ದ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಅಕ್ರಮ ಅಷ್ಟು ಮಿತಿಮೀರಿತ್ತು, ಆದೇಶ ಬೇಕೇ ಇತ್ತು. ಆದರೆ ಅಕ್ರಮ ಮಾಡಿದವರೊಂದಿಗೆ ಕಂತು ಕಟ್ಟುವವರ ಲಾರಿಗಳೂ ನಿಂತವು. ನಮ್ಮದು ಮನೆ ಮುಂದೆ ಎರಡು ಮಳೆಗಾಲ ನೆನೆದು ತುಕ್ಕು ಹಿಡಿದು ಕೊನೆಗೆ ಗುಜರಿಗೆ ಹೋಯಿತು. ಅಪ್ಪ ಅದೇ ಕೊರಗಿನಲ್ಲಿ ಹೋದರು. ಆ ಸಾಲದ ಬಾಲ ಇನ್ನೂ ಇದೆ. ಪುಕ್ಕಟೆ ಲೆವೆಲ್ ಅಂದರೆ ಅವನ ಕಣ್ಣು ಹೊಳೆಯುವುದು ಸುಮ್ಮನೆ ಅಲ್ಲ.

“ಅವರೇನು ದೇವರಂಥವರಾ?” ಅಂತ ಕೇಳಿದ. “ಅವರೂ ಗುಡ್ಡ ಅಗದಾರ, ಕಾಡು ಕಡದು ಇದ್ದಿಲು ಸುಟ್ಟಾರ.”

ನಿಜ. ಒಂದು ತೂಕ ಕಬ್ಬಿಣಕ್ಕೆ ಅದರ ಎಷ್ಟೋ ಪಟ್ಟು ಇದ್ದಿಲು ಬೇಕು. ಇದ್ದಿಲಿಗೆ ಮತ್ತೆ ಅದರ ಹಲವು ಪಟ್ಟು ಕಟ್ಟಿಗೆ. ಹೊಗೆಯಲ್ಲಿ ಕೆಮ್ಮಿ, ತಿದಿ ಒತ್ತಿ ಬೆನ್ನು ಬಾಗಿದವರ ಬದುಕೂ ಸುಖದ್ದಲ್ಲ. ಇಷ್ಟೆಲ್ಲ ಮಾಡಿದರೂ ಅದಿರಿನೊಳಗಿನ ಕಬ್ಬಿಣದ ದೊಡ್ಡ ಪಾಲು ಕಿಟ್ಟದಲ್ಲೇ ಉಳಿದು ಹೋಗುತ್ತಿತ್ತು. ಕಿಟ್ಟ ಭಾರವಾಗಿರುವುದು ಅದಕ್ಕೇ. ಹಳೆಯದೆಲ್ಲ ಚೆನ್ನ ಅಂತ ನಾನು ಹೇಳಲಾರೆ.

“ದೇವರಲ್ಲಪ್ಪಾ. ನಿನ್ನಂಗ ದುಡಿದವರು. ಗುಡಿ ಕಟ್ಟಿಸಿದ ರಾಜನ ಹೆಸರು ಕಲ್ಲಿನ ಮ್ಯಾಲೆ ಐತಿ. ಇವರದು ಇದ್ದದ್ದು ಇಷ್ಟೇ, ಈ ಕಿಟ್ಟ” ಅಂದೆ. ಅಜ್ಜಿಯ ಮಾತೂ ಆಗ ಬಾಯಿಗೆ ಬಂತು. ಅವನೂ ಅಜ್ಜಿಯ ಕೈ ಹಿಡಿದು ಹಿನ್ನೀರಿನ ದಂಡೆಗೆ ಹೋದವನೇ. ಗಾಡಿ ಸ್ಟಾರ್ಟ್ ಮಾಡಿದ, ಮಾತಾಡಲಿಲ್ಲ.

ಸಂಜೆ ಕಮ್ಮಾರ ಅಜ್ಜ ಮನೆಗೆ ಬಂದರು. ಚಹಾ ಕುಡಿಯುತ್ತ ಇನ್ನೊಂದು ವಿಷಯ ಹೇಳಿದರು. “ಹಿಂದ ನಾಟಿ ವೈದ್ಯರು ಹಳೇ ಕಿಟ್ಟ ಹುಡುಕ್ಕೊಂಡು ಬರತಿದ್ರು. ಹಳೇದಾದಷ್ಟೂ ಛಲೋ ಅಂತ.” ಆಯುರ್ವೇದದ ಮಂಡೂರ ಭಸ್ಮ ಮಾಡುವುದು ಕಬ್ಬಿಣದ ಕಿಟ್ಟದಿಂದಲೇ. ನೂರು ವರ್ಷ ಹಳೆಯ ಕಿಟ್ಟ ಶ್ರೇಷ್ಠ, ಎಂಬತ್ತರದ್ದು ಮಧ್ಯಮ, ಅರವತ್ತರದ್ದು ಸಾಧಾರಣ ಅಂತ ಆ ಗ್ರಂಥಗಳು ಹೇಳುತ್ತವೆ. ನಾವು ಹೊಲಸು ಅಂದದ್ದಕ್ಕೂ ವಯಸ್ಸು ಎಣಿಸಿ ಬೆಲೆ ಕಟ್ಟಿದ ಜನರಿದ್ದರು ಅಂತ ಕೇಳಿ ಮಗಳಿಗೆ ಆಶ್ಚರ್ಯ.

ನಮ್ಮ ಕಿಟ್ಟದ ವಯಸ್ಸು? ಬರೀ ಕಣ್ಣಿನಿಂದ ಯಾರೂ ಹೇಳಲಾರರು. ಆದರೆ ಕಿಟ್ಟದೊಳಗೆ ಸಿಕ್ಕಿಕೊಂಡ ಇದ್ದಿಲ ಚೂರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದರೆ ಕಾಲ ತಿಳಿಯುತ್ತದೆ, ಪಕ್ಕದಲ್ಲಿ ಸಿಗುವ ಮಡಕೆ ಚೂರೂ ಸುಳಿವು ಕೊಡುತ್ತದೆ. ಅದಕ್ಕೆ ದಿಬ್ಬ ಇದ್ದ ಹಾಗೇ ಇರಬೇಕು. ಜೆಸಿಬಿ ಒಮ್ಮೆ ಬಾಯಿ ಹಾಕಿ ಮಣ್ಣಿನ ಪದರ ಕಲಸಿದರೆ, ಆಮೇಲೆ ಅದು ನಿಜಕ್ಕೂ ಬರೀ ಕರಿ ಕಲ್ಲು.

ರಾತ್ರಿ ಊಟ ಆದ ಮೇಲೆ ಲೆಕ್ಕಕ್ಕೆ ಕೂತೆವು. ಗುತ್ತಿಗೆದಾರನಿಗೆ ಬೇಡ ಅಂದರೆ ಲೆವೆಲ್ ಕೆಲಸಕ್ಕೆ ಜೆಸಿಬಿಗೆ ಗಂಟೆಯ ಬಾಡಿಗೆ ಕೊಡಬೇಕು. ಮೂಲೆಯ ನಾಲ್ಕು ಸೆಂಟ್ಸ್ ಜಾಗ ಬಿಡಬೇಕು. ತಮ್ಮನ ಹೆಂಡತಿ, “ನೀವು ಬೆಂಗಳೂರಾಗ ಕುಂತು ಹೇಳ್ತೀರಿ ವೈನೀ, ಬಿತ್ತೋರು ನಾವು” ಅಂದಳು. ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಹಳೆಯದನ್ನು ಉಳಿಸಿ ಅಂತ ಹೇಳುವವರೊಬ್ಬರು, ಅದರ ಖರ್ಚು ಹೊರುವವರು ಇನ್ನೊಬ್ಬರು ಆಗಬಾರದು. ಬಾಡಿಗೆಯ ಮುಕ್ಕಾಲು ಪಾಲು ನಾನು ಕೊಡುತ್ತೇನೆ, ಆ ನಾಲ್ಕು ಸೆಂಟ್ಸ್ ನನ್ನ ಪಾಲಿನಲ್ಲಿ ಹಿಡಿಯಿರಿ ಅಂದೆ. ತಮ್ಮ ನಕ್ಕುಬಿಟ್ಟ. “ಕಿಟ್ಟಕ್ಕ ಬಾಡಿಗಿ ಕಟ್ಟೋ ಅಕ್ಕನ್ನ ಇವತ್ತೇ ನೋಡಿದ್ದು.”

ಮರುದಿನ ಅವನೇ ದಿಬ್ಬದ ಸುತ್ತ ನಾಲ್ಕು ಕಲ್ಲು ನೆಟ್ಟ. ಮಗಳು ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ ತೆಗೆದಳು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಪುರಾತತ್ವದ ವಿಭಾಗವಿದೆ, ಅಲ್ಲಿಗೆ ಫೋಟೊಗಳ ಜೊತೆ ಒಂದು ಪತ್ರ ಬರೆದಿದ್ದೇವೆ. ಯಾರಾದರೂ ಬಂದು ನೋಡಿದರೆ ಸಂತೋಷ. ಬರುವ ತನಕ ದಿಬ್ಬ ಅಲ್ಲೇ ಇರುತ್ತದೆ.

ನೀವು ಈ ಕಡೆ ಬರುವುದಾದರೆ ನವೆಂಬರ್‌ನಿಂದ ಫೆಬ್ರುವರಿ ಹಿತ, ಆಮೇಲೆ ಬಿಸಿಲು ತಡೆಯುವುದು ಕಷ್ಟ. ಹಂಪಿಯಲ್ಲಿ ಒಂದು ಗಂಟೆ ಬಂಡೆಗಳ ಉಳಿ ಗುರುತಿಗೆ ಇಡಿ. ಕಮಲಾಪುರದ ವಸ್ತುಸಂಗ್ರಹಾಲಯ ನೋಡಿ, ಜಂಬುನಾಥ ಬೆಟ್ಟ ಹತ್ತಿ, ಸಂಡೂರಿನ ಕುಮಾರಸ್ವಾಮಿ, ಪಾರ್ವತಿ ಗುಡಿಗಳಿಗೆ ಹೋಗಿ ಬನ್ನಿ. ಗಣಿಗಳ ಒಳಗೆ ಅನುಮತಿ ಇಲ್ಲದೆ ಹೋಗಬಾರದು, ಬಿಟ್ಟ ಗುಂಡಿಗಳ ಅಂಚು ಕುಸಿಯುತ್ತದೆ, ಮಕ್ಕಳಿದ್ದರೆ ಎಚ್ಚರ.

ಇನ್ನು ನಿಮ್ಮೂರ ಹೊಲದಲ್ಲಿ, ಹಳ್ಳದ ದಂಡೆಯಲ್ಲಿ ಹೀಗೆ ಭಾರದ, ತೂತಿನ, ಹರಿದ ಗೀರಿನ ಕರಿ ಕಲ್ಲು ಬಿದ್ದಿದ್ದರೆ ಅದನ್ನು ಒಡೆಯಬೇಡಿ, ಮನೆಗೆ ಹೊತ್ತುಕೊಂಡು ಹೋಗಲೂ ಬೇಡಿ. ಫೋಟೊ ತೆಗೆದು, ಜಾಗ ಬರೆದಿಟ್ಟು, ಊರಿನ ಹಿರಿಯ ಕಮ್ಮಾರರನ್ನು ಒಮ್ಮೆ ಕೇಳಿ. ನಮ್ಮ ಅಜ್ಜ ಕೈಯಲ್ಲಿ ಹಿಡಿದೇ ಗುರುತಿಸಿದರು. ಅವರ ಮಗ ಈಗ ವೆಲ್ಡಿಂಗ್ ಅಂಗಡಿ ಇಟ್ಟಿದ್ದಾನೆ. ಮೊಮ್ಮಗ ತೋರಣಗಲ್ಲಿನಲ್ಲಿ ಕೆಲಸ ಹುಡುಕುತ್ತಿದ್ದಾನೆ. ಕೇಳುವುದಿದ್ದರೆ ಬೇಗ ಕೇಳಬೇಕು.